ಒಂದು ಕ್ಲಚ್‌ಗಾಗಿ ಮೂರು ಬಾರಿ ಇಳಿದ ಗೇರ್‌ಬಾಕ್ಸ್

ಇಪ್ಪತ್ತು ವರ್ಷ ದಾಟಿದ ನನ್ನ ಕಾರಿನ ಕ್ಲಚ್ ಬದಲಿಸಬೇಕಿತ್ತು. ಆ ಒಂದು ಕೆಲಸಕ್ಕಾಗಿ ಎರಡೂವರೆ ತಿಂಗಳಲ್ಲಿ ಗೇರ್‌ಬಾಕ್ಸನ್ನು ಮೂರು ಬಾರಿ ಕೆಳಗಿಳಿಸಬೇಕಾಯಿತು. ಇದರಲ್ಲಿ ಕೆಲಸ ಮಾಡಿದವರ ತಪ್ಪು ಎಷ್ಟಿದೆಯೋ, ಕೇಳಬೇಕಾದ್ದನ್ನು ಕೇಳದೆ ಬೀಗದ ಕೈ ಒಪ್ಪಿಸಿ ಬಂದ ನನ್ನ ತಪ್ಪೂ ಅಷ್ಟೇ ಇದೆ. ಹಳೆಯ ಕಾರಿಗೆ ಇದೇ ಕೆಲಸ ಮಾಡಿಸಲು ಹೊರಟವರು ದಯವಿಟ್ಟು ಪೂರ್ತಿ ಓದಬೇಕು.

ತೊಂದರೆ ಶುರುವಾದದ್ದು ಎಲ್ಲರ ಕಾರಿನಲ್ಲಿ ಆಗುವಂತೆಯೇ. ಏರು ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನಿನ ಸದ್ದು ಏರುತ್ತಿತ್ತು, ಕಾರಿನ ವೇಗ ಏರುತ್ತಿರಲಿಲ್ಲ. ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟ್ ಸವೆದಿದೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಇದರ ಜೊತೆಗೆ ಮೂರರಿಂದ ಎರಡನೇ ಗೇರಿಗೆ ಇಳಿಸುವಾಗ ಕರಕರ ಸದ್ದು ಬರುತ್ತದೆಂದು ನಾನು ಹೇಳಿದಾಗ, ಗ್ಯಾರೇಜಿನವರು, "ಹೇಗಿದ್ದರೂ ಗೇರ್‌ಬಾಕ್ಸ್ ಇಳಿಸುತ್ತೇವೆ, ಗುಜರಿಯಿಂದ ಇದೇ ಕಾರಿನ ಇನ್ನೊಂದು ಗೇರ್‌ಬಾಕ್ಸ್ ತಂದು ಕೂರಿಸಿಬಿಡೋಣ" ಎಂದರು. ಮಾತು ಸರಿಯೆನಿಸಿತು, ಒಪ್ಪಿದೆ. ಮೂರು ದಿನಗಳಲ್ಲಿ ಕಾರು ಕೈಗೆ ಬಂತು, ಪೆಡಲ್ ಹಗುರವಾಗಿತ್ತು, ನನಗೆ ಸಂತೋಷವೂ ಆಗಿತ್ತು.

ಐದು ವಾರಕ್ಕೆ ಹೊಸ ಕ್ಲಚ್ ಜಾರತೊಡಗಿತು. ಮತ್ತೆ ಇಳಿಸಿ ನೋಡಿದರೆ ಹೊಸ ಕ್ಲಚ್ ಪ್ಲೇಟಿನ ಲೈನಿಂಗ್, ಅಂದರೆ ಹಿಡಿತ ಕೊಡುವ ಪದರ, ಎಣ್ಣೆಯಲ್ಲಿ ನೆನೆದಿತ್ತು. ಅಲ್ಲಿಗೆ ಎಣ್ಣೆ ಬರಲು ಇರುವ ದಾರಿ ಎರಡೇ: ಫ್ಲೈವೀಲ್ (ಕ್ಲಚ್ ಪ್ಲೇಟ್ ಒತ್ತಿ ಕೂರುವ, ಎಂಜಿನ್ನಿನ ಭಾರದ ಚಕ್ರ) ಹಿಂದಿರುವ, ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಆಯಿಲ್ ಸೀಲ್, ಅಥವಾ ಕ್ಲಚ್ಚಿನಿಂದ ಗೇರ್‌ಬಾಕ್ಸಿನೊಳಗೆ ಹೋಗುವ ಇನ್‌ಪುಟ್ ಶಾಫ್ಟಿನ ಸೀಲ್. ಗೇರ್ ಆಯಿಲ್‌ಗೆ ಗಂಧಕದ ಗಾಢ ವಾಸನೆಯಿರುತ್ತದೆ, ಎಂಜಿನ್ ಆಯಿಲ್‌ಗೆ ಅದು ಇರುವುದಿಲ್ಲ. ನನ್ನದರಲ್ಲಿ ಸೋರಿದ್ದು ಎಂಜಿನ್ ಆಯಿಲ್. ಇಪ್ಪತ್ತು ವರ್ಷದ ಬಿಸಿಗೆ ಗಟ್ಟಿಯಾದ ಆ ರಬ್ಬರ್ ಸೀಲಿನ ಬೆಲೆ ಇಡೀ ಕೆಲಸದ ವೆಚ್ಚದ ಮುಂದೆ ಲೆಕ್ಕಕ್ಕೇ ಬಾರದು, ಆದರೆ ಅದನ್ನು ತಲುಪಬೇಕಾದರೆ ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಮೂರೂ ಕಳಚಲೇಬೇಕು. ಮೊದಲ ಸಲ ಎಲ್ಲವೂ ತೆರೆದಿದ್ದಾಗ ಯಾರೂ ಅದನ್ನು ಬದಲಿಸಲಿಲ್ಲ. ಫ್ಲೈವೀಲಿನ ಮೈಯನ್ನು ನಯಗೊಳಿಸಲು ಲೇತಿಗೂ ಕೊಟ್ಟಿರಲಿಲ್ಲ. ಅದರ ಮೇಲೆ ಸುಟ್ಟ ನೀಲಿ ಕಲೆಗಳು ಹಾಗೆಯೇ ಇದ್ದವು. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುತ್ತೇವೆಂದು ಅವರು ಹೇಳಿದರು, ನಾನು ಒಪ್ಪಲಿಲ್ಲ. ಎಣ್ಣೆ ಒಳಗೆ ಇಳಿದ ಮೇಲೆ ಆ ಪ್ಲೇಟ್ ನಂಬಿಕೆಗೆ ಅರ್ಹವಲ್ಲ. ಇನ್ನೊಂದು ಹೊಸ ಪ್ಲೇಟಿಗೆ ನಾನೇ ಹಣ ಕೊಟ್ಟೆ.

ಎರಡನೇ ಸಲ ಜೋಡಿಸುವಾಗ ನಾನು ಅಲ್ಲಿಯೇ ಇದ್ದೆ. ಕಣ್ಣೆದುರು ನಡೆದ ತಪ್ಪು ತಪ್ಪೆಂದು ಅಂದು ನನಗೆ ಗೊತ್ತಾಗಲಿಲ್ಲ ಎಂಬುದೇ ಇಂದಿಗೂ ಕೊರೆಯುವ ಸಂಗತಿ. ಇಬ್ಬರು ಗೇರ್‌ಬಾಕ್ಸನ್ನು ಕೈಯಲ್ಲೇ ಎತ್ತಿ ಹಿಡಿದು ಅದರ ಇನ್‌ಪುಟ್ ಶಾಫ್ಟನ್ನು ಕ್ಲಚ್ ಪ್ಲೇಟಿನ ನಡುವಿನ ರಂಧ್ರಕ್ಕೆ ತೂರಿಸಿದರು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಒಂದು ಬೆರಳಿನಷ್ಟು ಸಂದು ಉಳಿಯಿತು. ಕೈ ಸೋತು ಒಬ್ಬರು ಹಿಡಿತ ಸಡಿಲಿಸಿದಾಗ ಅಷ್ಟೂ ಭಾರ ಆ ಶಾಫ್ಟಿನ ಮೂಲಕ ಪ್ಲೇಟಿನ ಮೇಲೆ ಜೋತುಬಿತ್ತು. ಆಮೇಲೆ ಉದ್ದನೆಯ ಎರಡು ಬೋಲ್ಟು ಹಾಕಿ, ಸ್ಪ್ಯಾನರಿನಿಂದ ಬಿಗಿಯುತ್ತ ಬಿಗಿಯುತ್ತ ಗೇರ್‌ಬಾಕ್ಸನ್ನು ಎಂಜಿನ್ನಿಗೆ ಎಳೆದು ಕೂರಿಸಿದರು. ಕೂರುವಾಗ ಟಕ್ಕೆಂದು ಸದ್ದಾಯಿತು.

ಆ ಸಂಜೆಯೇ ಮೊದಲನೇ ಗೇರು ಬೀಳಲು ಹಠ ಮಾಡಿತು, ರಿವರ್ಸ್ ಹಾಕಿದರೆ ಹಲ್ಲು ಹಲ್ಲಿಗೆ ಉಜ್ಜುವ ಸದ್ದು. ಪೆಡಲನ್ನು ಪೂರ್ತಿ ತುಳಿದರೂ ಕ್ಲಚ್ ಬಿಡುತ್ತಿರಲಿಲ್ಲ. ಕೇಬಲ್ ಬಿಗಿ ಮಾಡಿ ಕಳುಹಿಸಿದರು, ಸರಿಹೋಗಲಿಲ್ಲ. ಆ ಗ್ಯಾರೇಜನ್ನು ಬಿಟ್ಟು, ಗೇರ್‌ಬಾಕ್ಸ್ ಕೆಲಸವನ್ನೇ ಮಾಡುವ ಹಿರಿಯರೊಬ್ಬರ ಬಳಿ ಕಾರನ್ನು ಒಯ್ದೆ. ಅವರು ಬಿಚ್ಚಿ ತೋರಿಸಿದಾಗ ಪ್ಲೇಟಿನ ನಡುಭಾಗ ಸೊಟ್ಟಗಾಗಿತ್ತು, ಕ್ಲಚ್ಚನ್ನು ಸುತ್ತುವರಿದ ಲೋಹದ ಕವಚವಾದ ಬೆಲ್ ಹೌಸಿಂಗಿನ ಒಂದು ಬೋಲ್ಟಿನ ಕಿವಿ ಬಿರಿದಿತ್ತು, ಗೇರ್‌ಬಾಕ್ಸ್ ಎಂಜಿನ್ನಿನ ನೇರಕ್ಕೇ ಕೂರುವಂತೆ ಮಾಡುವ ಎರಡು ಡೋವೆಲ್ ಪಿನ್ನುಗಳಲ್ಲಿ ಒಂದು ಇರಲೇ ಇಲ್ಲ. ಬಹುಶಃ ಮೊದಲ ಸಲ ಇಳಿಸಿದಾಗಲೇ ಹಳೆಯ ಗೇರ್‌ಬಾಕ್ಸಿಗೆ ಅಂಟಿಕೊಂಡು ಹೋಗಿತ್ತು.

ಅವರು ಕೂರಿಸಿದ ರೀತಿಯನ್ನು ನೋಡಿಯೇ ನನಗೆ ಸರಿ ಯಾವುದೆಂದು ತಿಳಿಯಿತು. ಪ್ಲೇಟನ್ನು ಅಲೈನ್‌ಮೆಂಟ್ ಟೂಲ್ ಹಾಕಿ ನಡುವಿಗೆ ತಂದು, ಅದನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದರು. ಶಾಫ್ಟಿನ ಉದ್ದಕ್ಕಿರುವ ಹಲ್ಲುಗಳಿಗೆ, ಅಂದರೆ ಸ್ಪ್ಲೈನಿಗೆ, ಗ್ರೀಸ್ ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ ತೆಗೆದರು, ಇಲ್ಲದಿದ್ದರೆ ಅದು ಸಿಡಿದು ಲೈನಿಂಗ್ ಸೇರುತ್ತದೆ. ಗೇರ್‌ಬಾಕ್ಸಿನ ಭಾರವೆಲ್ಲ ಕೊನೆಯವರೆಗೂ ಜ್ಯಾಕಿನ ಮೇಲಿತ್ತು. ಸಂದು ಪೂರ್ತಿ ಕೈಯಿಂದಲೇ ಮುಚ್ಚಿದ ಮೇಲೆಯೇ ಅವರು ಬೋಲ್ಟ್ ಮುಟ್ಟಿದರು. ಸಂದು ಮುಚ್ಚದಿದ್ದರೆ ಒಳಗೆ ಏನೋ ತಡೆಯುತ್ತಿದೆ ಎಂದರ್ಥ, ಆಗ ಹಿಂದಕ್ಕೆಳೆದು ನೋಡಬೇಕೇ ಹೊರತು ಬೋಲ್ಟಿನಿಂದ ಎಳೆಯಬಾರದು.

ಅಲ್ಲಿಯೇ ಇನ್ನೆರಡು ವಿಷಯ ಹೊರಬಿದ್ದವು. ಗೇರ್‌ಬಾಕ್ಸಿನ ಒಳಗೆ ತುಂಬಿದ್ದ ಎಣ್ಣೆ ಜಿಎಲ್-5 ದರ್ಜೆಯದು, ನನ್ನ ಕಾರಿನ ಕೈಪಿಡಿ ಕೇಳುವುದು ಜಿಎಲ್-4. ಹೆಚ್ಚಿನದೇ ಒಳ್ಳೆಯದೆಂದು ಹಾಕಿರಬೇಕು. ಆದರೆ ಗೇರು ಬದಲಿಸುವಾಗ ಗೇರುಗಳ ವೇಗ ಹೊಂದಿಸುವ ಸಿಂಕ್ರೊನೈಸರಿನ ಹಿತ್ತಾಳೆ ಉಂಗುರಗಳು ಹಿಡಿದು ನಿಲ್ಲಲು ಒಂದಿಷ್ಟು ಘರ್ಷಣೆ ಬೇಕು, ಆ ಎಣ್ಣೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಅದರಲ್ಲಿ ಹೆಚ್ಚಿರುವ ಗಂಧಕ, ರಂಜಕದ ಸೇರ್ಪಡೆಗಳು ಕೆಲವು ಹಿತ್ತಾಳೆಯನ್ನು ತಿನ್ನುವುದೂ ಉಂಟು. ಎಣ್ಣೆ ಬದಲಿಸಿದ ಮೇಲೆ ಬೆಳಗಿನ ಹೊತ್ತು ಗೇರು ಬೀಳುವುದು ಸುಮಾರಾಗಿ ಸುಧಾರಿಸಿತು.

ಇನ್ನೊಂದು ವಿಷಯಕ್ಕೆ ಪರಿಹಾರವಿಲ್ಲ. ಹೆದ್ದಾರಿಯಲ್ಲಿ 80 ಕಿ.ಮೀ. ವೇಗಕ್ಕೆ ಮೊದಲು 2,600 ಆರ್‌ಪಿಎಂ ಇರುತ್ತಿದ್ದ ಎಂಜಿನ್ ಈಗ 3,000 ದಾಟುತ್ತದೆ. "ಇದೇ ಕಾರಿನದು" ಎಂದು ತಂದದ್ದು ಅದೇ ಮಾದರಿಯ ಬೇರೆ ಎಂಜಿನ್ನಿನ ಆವೃತ್ತಿಯದು. ಬೋಲ್ಟಿನ ರಂಧ್ರಗಳು ಹೊಂದುತ್ತವೆ, ಚಕ್ರಗಳಿಗೆ ತಿರುಗುವಿಕೆ ಕೊಡುವ ಕೊನೆಯ ಗೇರಿನ, ಅಂದರೆ ಫೈನಲ್ ಡ್ರೈವಿನ, ಅನುಪಾತ ಬೇರೆ. ಎರಡು ಗೇರ್‌ಬಾಕ್ಸುಗಳೂ ನೆಲದ ಮೇಲಿದ್ದಾಗ ಒಂದೇ ಗೇರಿನಲ್ಲಿಟ್ಟು, ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ಒಂದು ಬದಿಯನ್ನು ಅಲುಗದಂತೆ ಹಿಡಿದು, ಇನ್ನೊಂದು ಬದಿ ಒಂದು ಸುತ್ತು ಬರಲು ಇನ್‌ಪುಟ್ ಶಾಫ್ಟ್ ಎಷ್ಟು ಸುತ್ತಬೇಕೆಂದು ಎಣಿಸಿದ್ದರೆ ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು. ಅದೇ ಹೊತ್ತಿಗೆ ಡ್ರೇನ್ ಪ್ಲಗ್ಗಿನ ಅಯಸ್ಕಾಂತವನ್ನೂ ನೋಡಬಹುದಿತ್ತು: ಬೂದು ಬಣ್ಣದ ನುಣುಪು ಲೇಪ ಸಹಜ, ಲೋಹದ ಚೂರುಗಳಿದ್ದರೆ ಆ ಗೇರ್‌ಬಾಕ್ಸ್ ಬೇಡ.

ನನ್ನ ಹಳೆಯ ಗೇರ್‌ಬಾಕ್ಸಿನಲ್ಲಿದ್ದ ದೋಷ, ಲಕ್ಷಣ ಕೇಳಿ ಆ ಹಿರಿಯರು ಹೇಳಿದಂತೆ, ಎರಡನೇ ಗೇರಿನ ಒಂದು ಸಿಂಕ್ರೊನೈಸರ್ ಉಂಗುರದ್ದು. ಅದನ್ನಷ್ಟೇ ಬದಲಿಸಿ ಕೊಡುತ್ತೇನೆ, ತಂದುಕೊಡಿ ಎಂದರು. ಅದನ್ನು ಮೊದಲ ದಿನವೇ ಗುಜರಿಗೆ ಬದಲಿಯಾಗಿ ಕೊಟ್ಟಾಗಿತ್ತು. ನಾನು ಹೋಗಿ ಕೇಳುವಷ್ಟರಲ್ಲಿ ಅದನ್ನು ಒಡೆದು ಅಲ್ಯೂಮಿನಿಯಂ ಬೇರೆ, ಕಬ್ಬಿಣ ಬೇರೆ ಮಾಡಿದ್ದರು.