ಕೀ ಕೊಟ್ಟದ್ದು ನಾನು, ಕಟಕಟೆ ಹತ್ತಿದ್ದೂ ನಾನು

ಮನೆಯಲ್ಲಿ 16, 17ರ ಮಕ್ಕಳಿದ್ದು, ಬೈಕಿನ ಕೀಯನ್ನು ಜಗಲಿಯ ಮೊಳೆಗೆ ನೇತುಹಾಕಿರುವವರು ಇದನ್ನೊಮ್ಮೆ ಓದಬೇಕು. ನಮ್ಮ ಮನೆಯಲ್ಲೂ ಹಾಗೆಯೇ ನೇತಾಡುತ್ತಿತ್ತು.

ನಮ್ಮ ಊರು ಮಂಡಗದ್ದೆಯಿಂದ ಸ್ವಲ್ಪ ಒಳಗೆ. ಬೈಕು 150 ಸಿಸಿಯದು, ಆರ್‌ಸಿ ನನ್ನ ಹೆಸರಿನಲ್ಲಿ. ಸೊಸೈಟಿಯ ಸಾಲ ನನ್ನ ಹೆಸರಿಗೆ ಸುಲಭವಾಗಿ ಸಿಕ್ಕಿತ್ತು, ಹಾಗಾಗಿ ಬೈಕೂ ನನ್ನದಾಯಿತು. ನನಗೆ ಸೈಕಲ್ ಕೂಡ ಬರುವುದಿಲ್ಲ.

ಮಗನಿಗೆ ಆಗ 17 ವರ್ಷ 10 ತಿಂಗಳು, ದ್ವಿತೀಯ ಪಿಯುಸಿ. ಅವನು ಬೈಕು ಹತ್ತಿದ್ದು ಒಂದೇ ದಿನದಲ್ಲಿ ಅಲ್ಲ. ಮೊದಲು ಅಂಗಳದಲ್ಲಿ ಒಂದು ಸುತ್ತು. ಆಮೇಲೆ ದಣಪೆಯವರೆಗೆ. ಆಮೇಲೆ ಹಾಲಿನ ಕ್ಯಾನು ಇಟ್ಟುಕೊಂಡು ಡೇರಿಯವರೆಗೆ. ಡೇರಿಗೆ ಕಳಿಸಿದವಳು ನಾನೇ. ‘ಮಳೆ ಹನಿಯುವಂತಿದೆ, ಬೇಗ ಹೋಗಿ ಬಾ’ ಎಂದಿದ್ದೆ. ‘ಬೇಗ’ ಎಂಬ ಮಾತೂ ನನ್ನದೇ. ಅಲ್ಲಿಂದ ಮಂಡಗದ್ದೆಯ ಅಂಗಡಿ. ಮತ್ತೆ ಒಂದು ದಿನ ಬಸ್ಸು ತಪ್ಪಿತು, ಶಿವಮೊಗ್ಗ.

ಆ ದಿನವೂ ಬಸ್ಸು ತಪ್ಪಿದ್ದೇ ಕಾರಣ. ಬೆಳಿಗ್ಗೆ ಸಿಇಟಿ ಕೋಚಿಂಗ್ ಇತ್ತು. ತೀರ್ಥಹಳ್ಳಿ ರಸ್ತೆಯಲ್ಲಿ ಓಡಾಡಿದವರಿಗೆ ಗೊತ್ತು, ಸಕ್ರೆಬೈಲಿನ ಹತ್ತಿರ ಒಂದು ಬದಿ ತುಂಗೆಯ ಹಿನ್ನೀರು, ಇನ್ನೊಂದು ಬದಿ ಕಾಡು. ಬಿಡಾರದ ಆನೆಗಳನ್ನು ಬೆಳಿಗ್ಗೆ ನೀರಿಗೆ ಇಳಿಸುವ ಹೊತ್ತು, ನೋಡಲು ಬಂದವರು ಮಕ್ಕಳನ್ನು ಎತ್ತಿಕೊಂಡು ರಸ್ತೆ ದಾಟುತ್ತಿರುತ್ತಾರೆ. ಅದನ್ನು ದಾಟಿ ಗಾಜನೂರಿನ ಕಡೆಗೆ ಬರುವಾಗ ಪೊಲೀಸರು ಮರದ ಕೆಳಗೆ ವೇಗ ಅಳೆಯುವ ಯಂತ್ರ ಹಿಡಿದು ನಿಂತಿದ್ದರು. ಫಲಕದಲ್ಲಿ 40. ಯಂತ್ರದಲ್ಲಿ 87.

ಯಂತ್ರದಿಂದ ಬಂದ ಆ ಚೀಟಿಯನ್ನು ಆಮೇಲೆ ನಾನೂ ನೋಡಿದೆ. ಮಸುಕು ಚಿತ್ರ. ಹ್ಯಾಂಡಲ್ಲಿನ ಮೇಲೆ ಬಗ್ಗಿದ ತಲೆ, ಕೆಳಗೆ ಬೈಕಿನ ನಂಬರು, ಪಕ್ಕದಲ್ಲಿ ಗಾಳಿಗೆ ಅಡ್ಡವಾಗಿ ಹಾರುತ್ತಿರುವ ಬುತ್ತಿಯ ಚೀಲ. ಬೆಳಿಗ್ಗೆ ಐದೂವರೆಗೆ ಎದ್ದು ಕಟ್ಟಿಕೊಟ್ಟ ಕಡುಬು ಆ ಚೀಲದಲ್ಲಿತ್ತು. ಉಳಿದ ಏನನ್ನು ಮರೆತರೂ ಅದೊಂದನ್ನು ಮರೆಯಲಾರೆ.

ಅಲ್ಲಿಯವರೆಗಿನ ತಪ್ಪು ಒಂದು ಬಗೆಯದು. ಅಲ್ಲಿಂದ ಮುಂದೆ ನಾವು ಮಾಡಿದ್ದು ಬೇರೆ ಬಗೆಯದು, ಬರೆಯಲು ಕುಳಿತದ್ದೂ ಅದಕ್ಕಾಗಿಯೇ.

ಲೈಸೆನ್ಸ್ ಕೇಳಿದಾಗ ಮಗ ‘ಮನೆಯಲ್ಲಿದೆ’ ಎಂದ. ‘ಮೊಬೈಲಿನಲ್ಲಾದರೂ ತೋರಿಸು’ ಎಂದರು. ಇವನು ಚಿಕ್ಕಪ್ಪನ ಮಗನಿಗೆ ಫೋನು ಮಾಡಿ ಅವನ ಲೈಸೆನ್ಸಿನ ಫೋಟೊ ವಾಟ್ಸ್‌ಆ್ಯಪಿನಲ್ಲಿ ತರಿಸಿದ. ಇಬ್ಬರ ಮುಖವೂ ಒಂದೇ ಅಚ್ಚು ಎಂದು ಮನೆಯಲ್ಲಿ ನಾವು ಹೇಳುತ್ತಿದ್ದೆವಲ್ಲ, ಪೊಲೀಸರಿಗೂ ಹಾಗೆಯೇ ಕಾಣುತ್ತದೆ ಎಂದುಕೊಂಡಿರಬೇಕು. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿ ತೆರೆದು ತೋರಿಸಿದ ಲೈಸೆನ್ಸಿಗೆ ಬೆಲೆಯಿದೆ, ಯಾರೋ ಕಳಿಸಿದ ಫೋಟೊಗೆ ಇಲ್ಲ. ಅವರು ಹುಟ್ಟಿದ ದಿನಾಂಕ ಕೇಳಿದರು. ಇವನು ತನ್ನದನ್ನೇ ಹೇಳಿಬಿಟ್ಟ! ಸುಳ್ಳು ಹೇಳುವುದರಲ್ಲೂ ಅಭ್ಯಾಸವಿಲ್ಲದ ಹುಡುಗ. ಆ ಫೋಟೊ ಕಳಿಸಿದ ತಪ್ಪಿಗೆ ಚಿಕ್ಕಪ್ಪನ ಮಗ ಠಾಣೆಗೆ ಬಂದು ತಲೆ ತಗ್ಗಿಸಿ ನಿಲ್ಲಬೇಕಾಯಿತು. ಎರಡು ಮನೆಗಳ ನಡುವೆ ಈಗಲೂ ಮಾತು ಅಷ್ಟಕ್ಕಷ್ಟೇ.

ನಾನು ಠಾಣೆಗೆ ಹೋದಾಗ ಕೈಯಲ್ಲಿ ಎರಡು ಸಾವಿರ ರೂಪಾಯಿ ಇತ್ತು. ವೇಗಕ್ಕೆ ದಂಡ ಕಟ್ಟಿ, ರಸೀದಿ ತೆಗೆದುಕೊಂಡು, ದಾರಿಯಲ್ಲಿ ಮಗನಿಗೆ ನಾಲ್ಕು ಮಾತು ಬೈದು ಮನೆಗೆ ಬರುವ ಲೆಕ್ಕ. ಸಬ್‌ಇನ್ಸ್‌ಪೆಕ್ಟರು ನನ್ನ ಆಧಾರ್ ಕಾರ್ಡು ಕೇಳಿದರು. ‘ನನ್ನದು ಯಾಕೆ ಸಾರ್?’ ಎಂದೆ. ‘ಕೇಸು ನಿಮ್ಮ ಮೇಲಮ್ಮ’ ಎಂದರು.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಇದು. 18 ತುಂಬದವರು ವಾಹನ ಓಡಿಸಿ ತಪ್ಪು ಮಾಡಿದರೆ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಜೈಲು, ಜೊತೆಗೆ 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಓಡಿಸಿದ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ನಮ್ಮ ಮನೆಯಲ್ಲಿ ತಾಯಿಯೂ ನಾನೇ, ಮಾಲೀಕಳೂ ನಾನೇ. ‘ಇನ್ನೆರಡು ತಿಂಗಳಿಗೆ ಹದಿನೆಂಟು ತುಂಬುತ್ತದೆ’ ಎಂದು ನಮ್ಮ ಮನೆಯವರು ಹೋದಲ್ಲೆಲ್ಲ ಹೇಳಿದರು. ಅಡಿಕೆ ತೂಗುವಾಗ ನೂರು ಗ್ರಾಂ ಬಿಟ್ಟುಕೊಟ್ಟಂತೆ ಕಾನೂನು ಎರಡು ತಿಂಗಳು ಬಿಟ್ಟುಕೊಡುವುದಿಲ್ಲ. 16ಕ್ಕೇ ಲೈಸೆನ್ಸ್ ಸಿಗುತ್ತದಲ್ಲ ಎಂದವರೂ ಇದ್ದರು. ಅದು 50 ಸಿಸಿ ಮೀರದ ಬೈಕಿಗೆ ಮಾತ್ರ. ಅಂಥ ಬೈಕು ನಮ್ಮ ಸೀಮೆಯಲ್ಲಿ ಯಾರ ಮನೆಯಲ್ಲಿದೆ?

ಆಗ ಬಂದರು ನಮ್ಮ ಪರಿಚಯದವರೊಬ್ಬರು. ‘ಅಕ್ಕಾ, ಕೋರ್ಟಿಗೆಲ್ಲ ಹೋಗುವುದು ಬೇಡ, ಒಳಗೆ ನಮ್ಮವರಿದ್ದಾರೆ, ಆರು ಸಾವಿರದಲ್ಲಿ ಮುಗಿಸುತ್ತೇನೆ’ ಎಂದರು. ಕೊಟ್ಟೆವು. ಮೂರು ವಾರ ‘ಆಗುತ್ತದೆ ಅಕ್ಕಾ’ ಎಂದರು. ಆ ಮೂರು ವಾರ ನಾವು ವಕೀಲರನ್ನೂ ನೋಡಲಿಲ್ಲ, ಬೈಕು ಬಿಡಿಸುವ ಅರ್ಜಿಯನ್ನೂ ಹಾಕಲಿಲ್ಲ. ನಾಲ್ಕನೆಯ ವಾರ ಕೋರ್ಟಿನ ಸಮನ್ಸ್ ಬಂತು. ದಾಖಲಾದ ಕೇಸನ್ನು ಚಹಾ ಅಂಗಡಿಯಲ್ಲಿ ಕುಳಿತು ಮುಗಿಸುವವರು ಯಾರೂ ಇಲ್ಲ. ಅಂಥ ಮಾತಾಡುವವರು ಮನೆಗೆ ಬಂದರೆ ಕಾಫಿ ಕೊಟ್ಟು ಕಳಿಸಿ, ಅಷ್ಟೇ.

ಇದರ ನಡುವೆ ನನ್ನ ಮೊಬೈಲಿಗೆ ‘ನಿಮ್ಮ ವಾಹನದ ಚಲನ್ ಬಾಕಿಯಿದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶವೂ ಬಂತು, ಜೊತೆಗೆ ಒಂದು ಎಪಿಕೆ ಫೈಲು, ಒತ್ತಿದರೆ ಮೊಬೈಲಿಗೆ ಆ್ಯಪ್ ಇಳಿಸುವಂಥದ್ದು. ಬೇರೆ ದಿನವಾಗಿದ್ದರೆ ಅಳಿಸಿಹಾಕುತ್ತಿದ್ದೆ. ಹೆದರಿ ಕುಳಿತವಳು ಒತ್ತಿಯೇ ಬಿಡುತ್ತಿದ್ದೆ, ಮಗನೇ ಕೈಯಿಂದ ಫೋನು ಕಸಿದುಕೊಂಡ. ಅದು ಬ್ಯಾಂಕಿನ ಖಾತೆಗೆ ಕನ್ನ ಹಾಕುವವರ ಕೆಲಸ. ಬಾಕಿಯಿದೆಯೋ ಇಲ್ಲವೋ ಎಂಬುದನ್ನು ಪರಿವಾಹನ್ ಜಾಲತಾಣದಲ್ಲಿ ವಾಹನದ ನಂಬರು ಹಾಕಿ ನೋಡಬಹುದು, ಇಲ್ಲವೇ ಠಾಣೆಯಲ್ಲಿ ಕೇಳಬಹುದು.

ಕೊನೆಗೆ ವಕೀಲರ ಬಳಿಗೆ ಹೋದೆವು. ‘ನನಗೆ ಗೊತ್ತಿಲ್ಲದಂತೆ ಬೈಕು ತೆಗೆದುಕೊಂಡು ಹೋದ ಎಂದು ಹೇಳಬಹುದೇ?’ ಎಂದು ನಾನೇ ಕೇಳಿದೆ. ನಾಚಿಕೆಯಾಗುತ್ತದೆ, ಆದರೂ ಕೇಳಿದ್ದು ನಿಜ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು: ‘ಮಾಲೀಕರ ಒಪ್ಪಿಗೆಯಿಂದಲೇ ಓಡಿಸಿದ್ದು ಎಂದು ಕೋರ್ಟು ಮೊದಲೇ ಭಾವಿಸುತ್ತದೆ. ಇಲ್ಲವೆಂದು ತೋರಿಸಿಕೊಡುವ ಹೊರೆ ನಿಮ್ಮದು. ತೋರಿಸುತ್ತೀರಾ?’ ಡೇರಿಯ ಸಾಲಿನಲ್ಲಿ ನಿಂತು ದಿನವೂ ಅವನನ್ನು ನೋಡಿದ ಊರೆಲ್ಲ ಕಣ್ಣ ಮುಂದೆ ಬಂತು. ಸುಮ್ಮನಾದೆ. ಅಂದು ಯಾರಿಗಾದರೂ ಗುದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಅವರೇ ಹೇಳಿದರು: ಲೈಸೆನ್ಸ್ ಇಲ್ಲದವನು ಓಡಿಸಿದ್ದರಿಂದ, ವಿಮೆಯವರು ಪರಿಹಾರ ಕೊಟ್ಟರೂ ಆ ಹಣವನ್ನು ಮಾಲೀಕರಿಂದ ವಸೂಲು ಮಾಡಿಕೊಳ್ಳುವಂತೆ ಕೋರ್ಟು ಆದೇಶಿಸಬಹುದು. ಲಕ್ಷಗಳ ಲೆಕ್ಕ. ನಮ್ಮದು ಒಂದೂವರೆ ಎಕರೆ ತೋಟ.

ಕೋರ್ಟಿನಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಾದದ್ದೇ ಹೆಚ್ಚು. ಹೆಸರು ಕೂಗಿದರು, ಹೋಗಿ ನಿಂತೆ, ಆರೋಪ ಓದಿ ‘ಒಪ್ಪುತ್ತೀರಾ?’ ಎಂದು ಕೇಳಿದರು, ‘ಹೌದು’ ಎಂದೆ. 25,000. ಗೊರಬಲು ಅಡಿಕೆ ಮಾರಿ ಬಂದಿದ್ದ ದುಡ್ಡು ಅಲ್ಲಿಗೆ ಸರಿಹೋಯಿತು. ಮಗ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ. ನಾನು ಬಂದದ್ದನ್ನು ಕಂಡು ಎದ್ದು ನಿಂತ, ಕೈಯಿಂದ ಛತ್ರಿ ತೆಗೆದುಕೊಂಡ. ಬಸ್‌ನಿಲ್ದಾಣದವರೆಗೆ ಇಬ್ಬರೂ ಮಾತಾಡಲಿಲ್ಲ.

ಬೈಕು ಬಿಡಿಸಿಕೊಳ್ಳುವಷ್ಟರಲ್ಲಿ ಠಾಣೆಯ ಹಿತ್ತಿಲಲ್ಲಿ ಮಲೆನಾಡಿನ ಪೂರ್ತಿ ಆಷಾಢವನ್ನು ಅದು ನೆನೆದಿತ್ತು. ಚೈನು ತುಕ್ಕು ಹಿಡಿದಿತ್ತು, ಸೀಟಿನ ಹೊಲಿಗೆಯ ಗುಂಟ ಹಸಿರು ಪಾಚಿ. ನೋಂದಣಿಯ ಕಡತ ಈಗ ಆರ್‌ಟಿಒ ಕಚೇರಿಯಲ್ಲಿದೆ. ಹಾಗಾಗಿ ಬೈಕು ಕೊಟ್ಟಿಗೆಯ ಪಕ್ಕ ತಾಡಪಾಲಿನ ಕೆಳಗೆ ನಿಂತಿದೆ, ಸೊಸೈಟಿಯ ಕಂತು ಮಾತ್ರ ತಿಂಗಳು ತಿಂಗಳು ನಡೆಯುತ್ತಿದೆ. ಡೇರಿಗೆ ಕ್ಯಾನು ಹೊತ್ತು ನಾನೇ ನಡೆದು ಹೋಗುತ್ತೇನೆ.

ಆರು ಸಾವಿರ ತೆಗೆದುಕೊಂಡವರು ಮೊನ್ನೆ ಅಲ್ಲೇ ಸಿಕ್ಕಿದ್ದರು. ‘ಏನಕ್ಕಾ, ಕೇಸು ಏನಾಯಿತು?’ ಎಂದು ಕೇಳಿದರು.