ಮೊದಲು ಮಡಚಿ, ಆಮೇಲೆ ನಡೆಯಿರಿ: ಇಮ್ಯಾಕ್ಸ್‌ನ ಆರ್ಗ್ ಮೋಡ್‌ನಲ್ಲಿ ಶೀರ್ಷಿಕೆಗಳ ನಡುವಿನ ಓಡಾಟ

ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಖಗೋಳ ವಿಜ್ಞಾನಿ ಕಾರ್ಸ್ಟೆನ್ ಡೊಮಿನಿಕ್ 2003ರಲ್ಲಿ ಶುರು ಮಾಡಿದ ಆರ್ಗ್ ಮೋಡ್ ಎಂಬ ಟಿಪ್ಪಣಿ ವ್ಯವಸ್ಥೆ, ಇಮ್ಯಾಕ್ಸ್ ಎಂಬ ಪಠ್ಯ ಎಡಿಟರ್‌ನ 22ನೇ ಆವೃತ್ತಿಯಿಂದ ಅದರ ಜೊತೆಗೇ ಬರುತ್ತದೆ. ಪ್ರತ್ಯೇಕವಾಗಿ ಏನನ್ನೂ ಹಾಕಿಕೊಳ್ಳಬೇಕಿಲ್ಲ. ಹೆಸರಿನ ಕೊನೆಗೆ ಡಾಟ್ ಆರ್ಗ್ ಇರುವ ಫೈಲ್ ತೆರೆದರೆ ಸಾಕು. ಕೆಲಸದ ಪಟ್ಟಿ, ದಿನಚರಿ, ಕೋಷ್ಟಕ ಎಂದು ಇದರ ಗುಣಗಾನ ಬೇಕಾದಷ್ಟಿದೆ. ಈ ವಿಮರ್ಶೆ ಮಾತ್ರ ಒಂದೇ ವಿಷಯಕ್ಕೆ: ಮೂರು-ನಾಲ್ಕು ಹಂತದ ಶೀರ್ಷಿಕೆಗಳಿರುವ ಉದ್ದನೆಯ ಫೈಲ್‌ನಲ್ಲಿ ಬೇಕಾದ ಜಾಗಕ್ಕೆ ಎಷ್ಟು ಬೇಗ ಹೋಗಬಹುದು?

ತುಂಬಾ ಬೇಗ ಹೋಗಬಹುದು. ಆದರೆ ಅದರ ಕ್ರಮ ಗೊತ್ತಿರಬೇಕು.

ಉದಾಹರಣೆಗೆ ಪ್ರವಾಸ ಟಿಪ್ಪಣಿಯ ಒಂದು ಫೈಲ್ ಇಟ್ಟುಕೊಳ್ಳೋಣ. ಒಂದು ನಕ್ಷತ್ರ ಚಿಹ್ನೆಯ ಸಾಲು ಜಿಲ್ಲೆ, ಎರಡರದ್ದು ತಾಲ್ಲೂಕು, ಮೂರರದ್ದು ಸ್ಥಳ. ಹಾಸನದ ಕೆಳಗೆ ಬೇಲೂರು, ಅದರೊಳಗೆ ಚೆನ್ನಕೇಶವ ದೇವಾಲಯ ಮತ್ತು ಹಳೇಬೀಡು. ಆಮೇಲೆ ಚನ್ನರಾಯಪಟ್ಟಣ, ಅದರೊಳಗೆ ಶ್ರವಣಬೆಳಗೊಳ. ಮುಂದೆ ಮಂಡ್ಯ, ಪಾಂಡವಪುರ, ಮೇಲುಕೋಟೆ. ನಕ್ಷತ್ರ ಸಾಲಿನ ಮೊದಲ ಜಾಗದಲ್ಲೇ ಇರಬೇಕು, ಅದರ ನಂತರ ಒಂದು ಸ್ಪೇಸ್ ಬೇಕೇ ಬೇಕು. ಸ್ಪೇಸ್ ಬಿಟ್ಟುಹೋದರೆ ಅದು ಬರೀ ಪಠ್ಯ. ಇದರ ತಿರುಗುಮುರುಗು ತಪ್ಪೂ ಆಗುತ್ತದೆ: ಬೇರೆ ಕಡೆಯ ಅಭ್ಯಾಸದಿಂದ ಪಟ್ಟಿಯ ಅಂಶಗಳಿಗೆ ಸಾಲಿನ ಆರಂಭದಲ್ಲಿ ನಕ್ಷತ್ರ ಹಾಕಿದರೆ ಒಂದೊಂದೂ ಜಿಲ್ಲೆಯ ಹಂತದ ಶೀರ್ಷಿಕೆಯಾಗಿ, ಇಡೀ ಮರ ಕಲಸಿಹೋಗುತ್ತದೆ. ಪಟ್ಟಿಗೆ ಅಡ್ಡಗೆರೆ ಬಳಸಿ.

ಕೆಳಗೆ ‘ಕಂ-’ ಎಂದರೆ ಕಂಟ್ರೋಲ್ ಕೀ ಹಿಡಿದು ಒತ್ತುವುದು. ಓಡಾಟದ ಕೀಲಿಗಳು ಐದು, ಐದೂ ಕಂ-ಸಿ ಇಂದ ಶುರುವಾಗುತ್ತವೆ; ಅದನ್ನು ಒತ್ತಿದ ಮೇಲೆ ಇವನ್ನು ಒತ್ತಬೇಕು. ಕಂ-ಎನ್ ಮುಂದಿನ ಶೀರ್ಷಿಕೆಗೆ, ಕಂ-ಪಿ ಹಿಂದಿನದಕ್ಕೆ. ಕಂ-ಎಫ್ ಅದೇ ಹಂತದ ಮುಂದಿನದಕ್ಕೆ, ಕಂ-ಬಿ ಅದೇ ಹಂತದ ಹಿಂದಿನದಕ್ಕೆ. ಕಂ-ಯು ಒಂದು ಹಂತ ಮೇಲಕ್ಕೆ.

ಹೊಸಬರು ಎಡವುವುದು ಇಲ್ಲಿಯೇ. ಕಂ-ಎನ್ ಮತ್ತು ಕಂ-ಪಿ ಕಣ್ಣಿಗೆ ಕಾಣುವ ಶೀರ್ಷಿಕೆಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತವೆ. ಬೇಲೂರು ಮಡಚಿದ್ದರೆ, ಅಂದರೆ ಅದರ ಒಳಗಿನದನ್ನು ಮರೆಮಾಡಿದ್ದರೆ, ಅಲ್ಲಿಂದ ಕಂ-ಎನ್ ಒತ್ತಿದಾಗ ಹಳೇಬೀಡು ಸಿಗುವುದಿಲ್ಲ, ನೇರ ಚನ್ನರಾಯಪಟ್ಟಣ ಸಿಗುತ್ತದೆ. ಇದನ್ನು ದೋಷವೆಂದು ದೂರುವವರಿದ್ದಾರೆ. ಆರ್ಗ್‌ನ ಅತ್ಯುತ್ತಮ ಗುಣ ಇದೇ. ಎಷ್ಟು ಬಿಡಿಸಿದ್ದೀರೋ ಅಷ್ಟೇ ದಾರಿ. ಎಲ್ಲವನ್ನೂ ಬಿಡಿಸಿಟ್ಟು ಕಂ-ಎನ್ ಒತ್ತುತ್ತಾ ಹೋಗುವುದು ಬಸ್ಸಿನಲ್ಲಿ ಪ್ರತಿ ಸ್ಟಾಪಿನಲ್ಲೂ ಇಳಿದು ಹತ್ತಿದಂತೆ.

ಹಾಗಾಗಿ ಮೊದಲ ಕೆಲಸ ಮಡಚುವುದು. ಶಿಫ್ಟ್-ಟ್ಯಾಬ್ ಇಡೀ ಫೈಲನ್ನು ಮೂರು ನೋಟಗಳಲ್ಲಿ ಸುತ್ತಿಸುತ್ತದೆ: ಜಿಲ್ಲೆಗಳು ಮಾತ್ರ, ಎಲ್ಲ ಶೀರ್ಷಿಕೆಗಳು, ಪಠ್ಯಸಮೇತ ಎಲ್ಲವೂ. ಶೀರ್ಷಿಕೆಯ ಮೇಲೆ ಬರಿಯ ಟ್ಯಾಬ್ ಒತ್ತಿದರೆ ಆ ಒಂದು ಕೊಂಬೆ ಮಾತ್ರ ತೆರೆಯುತ್ತದೆ: ಮೊದಲು ನೇರ ಮಕ್ಕಳು, ಆಮೇಲೆ ಒಳಗಿನದೆಲ್ಲ, ಮತ್ತೆ ಮಡಚಿಕೆ. ಹೆಚ್ಚು ಜನರಿಗೆ ತಿಳಿಯದ್ದು ಇನ್ನೊಂದಿದೆ. ಆಲ್ಟ್ ಹಿಡಿದು 2 ಒತ್ತಿ, ನಂತರ ಶಿಫ್ಟ್-ಟ್ಯಾಬ್ ಒತ್ತಿದರೆ ಎರಡನೇ ಹಂತದವರೆಗಿನ ಶೀರ್ಷಿಕೆಗಳಷ್ಟೇ ನಿಲ್ಲುತ್ತವೆ. ನಮ್ಮ ಫೈಲ್‌ನಲ್ಲಿ ಅದು ಜಿಲ್ಲೆ-ತಾಲ್ಲೂಕುಗಳ ಪರಿವಿಡಿಯೇ ಸರಿ. ಫೈಲ್ ತೆರೆದಾಗಲೇ ಹೀಗೆ ಕಾಣಬೇಕೆಂದರೆ ಫೈಲ್‌ನ ತಲೆಯಲ್ಲಿ ಹ್ಯಾಶ್, ಪ್ಲಸ್, ‘ಸ್ಟಾರ್ಟಪ್’, ಕೋಲನ್, ಸ್ಪೇಸ್ ಹಾಕಿ ‘ಶೋ2ಲೆವೆಲ್ಸ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಆರ್ಗ್ 9.4ರಿಂದ ಫೈಲ್‌ಗಳು ಪೂರ್ತಿ ಬಿಡಿಸಿಕೊಂಡೇ ತೆರೆಯುತ್ತವೆ, ಹಳೆಯ ಆವೃತ್ತಿಗಳಲ್ಲಿ ಮಡಚಿರುತ್ತಿದ್ದವು. ಈ ಬದಲಾವಣೆ ಉದ್ದನೆಯ ಫೈಲ್ ಇಟ್ಟುಕೊಂಡವರಿಗೆ ಅನುಕೂಲವಾಗಿಲ್ಲ. ಆ ಒಂದು ಸಾಲು ಬರೆದಿಡುವುದೇ ಕ್ಷೇಮ.

ಕಂ-ಎಫ್ ಬಗ್ಗೆ ಒಂದು ಎಚ್ಚರಿಕೆ. ಅದು ಒಡಹುಟ್ಟಿದವರ ನಡುವೆ ಮಾತ್ರ ಓಡಾಡುತ್ತದೆ, ಮನೆಯ ಹೊಸ್ತಿಲು ದಾಟುವುದಿಲ್ಲ. ಹಳೇಬೀಡಿನ ಮೇಲೆ ನಿಂತು ಕಂ-ಸಿ ಕಂ-ಎಫ್ ಒತ್ತಿದರೆ ಶ್ರವಣಬೆಳಗೊಳ ಸಿಗುವುದಿಲ್ಲ, ಏಕೆಂದರೆ ಅದು ಬೇರೆ ತಾಲ್ಲೂಕಿನ ಮಗು. ಮೊದಲು ಕಂ-ಯು ಒತ್ತಿ ಬೇಲೂರಿಗೆ ಏರಿ, ಕಂ-ಎಫ್‌ನಿಂದ ಚನ್ನರಾಯಪಟ್ಟಣಕ್ಕೆ ಹೋಗಿ, ಕೊಂಬೆ ಮಡಚಿದ್ದರೆ ಟ್ಯಾಬ್‌ನಿಂದ ಬಿಡಿಸಿ, ಕಂ-ಎನ್‌ನಿಂದ ಇಳಿಯಬೇಕು. ಏರು, ಪಕ್ಕಕ್ಕೆ ಸರಿ, ಇಳಿ. ಈ ಲಯ ಕೈಗೆ ಹತ್ತಿದರೆ ಮೌಸ್ ನೆನಪಾಗುವುದಿಲ್ಲ.

ಪ್ರತಿ ಸಲ ಕಂಟ್ರೋಲ್ ಎರಡು ಬಾರಿ ಒತ್ತಿ ಕಿರುಬೆರಳು ನೋಯುತ್ತದೆ ಎನ್ನುವುದು ನ್ಯಾಯವಾದ ದೂರು. ಪರಿಹಾರ ಒಳಗೇ ಇದೆ, ಆದರೆ ಮೂಲದಲ್ಲಿ ಚಾಲೂ ಇರುವುದಿಲ್ಲ. ‘ಆರ್ಗ್-ಯೂಸ್-ಸ್ಪೀಡ್-ಕಮಾಂಡ್ಸ್’ ಎಂಬ ಆಯ್ಕೆಯನ್ನು ಚಾಲೂ ಮಾಡಿದರೆ, ಕರ್ಸರ್ ಮೊದಲ ನಕ್ಷತ್ರದ ಮೇಲಿರುವಾಗ ಎನ್, ಪಿ, ಎಫ್, ಬಿ, ಯು ಅಕ್ಷರಗಳನ್ನು ಬರಿದೇ ಒತ್ತಿದರೆ ಸಾಕು. ಕನ್ನಡದಲ್ಲಿ ಬರೆಯುವವರು ಒಂದನ್ನು ಗಮನಿಸಬೇಕು: ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ‘ಕನ್ನಡ-ಐಟ್ರಾನ್ಸ್’ ಇನ್‌ಪುಟ್ ವಿಧಾನ ಚಾಲೂ ಇದ್ದಾಗ ಎನ್ ಒತ್ತಿದರೆ ಕರ್ಸರ್ ಚಲಿಸುವ ಬದಲು ನಕಾರ ಮೂಡುತ್ತದೆ. ನಡೆಯುವ ಮೊದಲು ಕಂಟ್ರೋಲ್ ಮತ್ತು ಹಿಂಬಾಗಿದ ಗೆರೆಯ (ಬ್ಯಾಕ್‌ಸ್ಲ್ಯಾಷ್) ಕೀಲಿ ಒತ್ತಿ ಇಂಗ್ಲಿಷಿಗೆ ಮರಳಿ. ಅದೇ ಕೀಲಿ ಹುಡುಕಾಟದಲ್ಲೂ ಕೆಲಸ ಮಾಡುತ್ತದೆ. ಕಂ-ಎಸ್ ಒತ್ತಿದ ಮೇಲೆ ಅದನ್ನು ಒತ್ತಿ ‘ಮೇಲುಕೋಟೆ’ ಎಂದು ಕನ್ನಡದಲ್ಲೇ ಟೈಪಿಸಿದರೆ, ಮಡಚಿದ ಕೊಂಬೆಯೊಳಗಿದ್ದರೂ ತೆರೆದು ತೋರಿಸುತ್ತದೆ. ಎಲ್ಲೋ ಹಾರಿ ಹೋಗಿ ಸುತ್ತಲಿನ ಶೀರ್ಷಿಕೆಗಳು ಕಾಣದಿದ್ದರೆ ಕಂ-ಸಿ ಕಂ-ಆರ್ ಒತ್ತಿ.

ಹೆಸರು ಹೇಳಿ ಹಾರಲು ಕಂ-ಸಿ ಕಂ-ಜೆ ಇದೆ. ಮೂಲ ರೂಪದಲ್ಲಿ ಅದು ಫೈಲ್‌ನ ಒಂದು ನಕಲು ತೆರೆದು ಅಲ್ಲಿ ಹುಡುಕಿಸುತ್ತದೆ. ಇದು ಹಳೆಯ ಕಾಲದ ವಿಧಾನ, ಗೊಂದಲವೂ ಹೌದು. ‘ಆರ್ಗ್-ಗೋಟು-ಇಂಟರ್‌ಫೇಸ್’ ಅನ್ನು ‘ಔಟ್‌ಲೈನ್-ಪಾತ್-ಕಂಪ್ಲೀಷನ್’ ಎಂದು ಬದಲಿಸಿ, ಜೊತೆಗೆ ‘ಆರ್ಗ್-ಔಟ್‌ಲೈನ್-ಪಾತ್-ಕಂಪ್ಲೀಟ್-ಇನ್-ಸ್ಟೆಪ್ಸ್’ ಅನ್ನು ‘ನಿಲ್’ ಮಾಡಿ, ಅಂದರೆ ಬಂದ್ ಮಾಡಿ. ಆಗ ‘ಹಾಸನ/ಬೇಲೂರು/ಹಳೇಬೀಡು’ ಎಂಬ ಪೂರ್ತಿ ದಾರಿ ಒಂದೇ ಪಟ್ಟಿಯಲ್ಲಿ ಬರುತ್ತದೆ. ಪ್ರತಿ ಸ್ಥಳದ ಕೆಳಗೂ ‘ವಸತಿ’ ಎಂಬ ಶೀರ್ಷಿಕೆ ಇದ್ದರೆ ಯಾವುದು ಯಾವ ಊರಿನದೆಂದು ತಿಳಿಯಲು ಇದು ಸುಲಭದ ದಾರಿ. ಶೀರ್ಷಿಕೆಗಳ ಪಟ್ಟಿ ತೋರಿಸಿ ಆರಿಸಿದ ಕಡೆ ಹಾರಿಸುವ ಐಮೆನು ಬಳಸುವವರಿಗೆ ಮೂರನೇ ಹಂತ ಕಾಣಿಸದಿದ್ದರೆ ಗಾಬರಿ ಬೇಡ. ‘ಆರ್ಗ್-ಐಮೆನು-ಡೆಪ್ತ್’ ಮೂಲದಲ್ಲಿ 2 ಇರುತ್ತದೆ, 4 ಮಾಡಿಕೊಳ್ಳಿ.

ಒಂದೇ ಸ್ಥಳದ ಮೇಲೆ ಗಮನವಿಟ್ಟು ಬರೆಯಬೇಕಾದಾಗ ಕಂ-ಎಕ್ಸ್ ಎನ್ ಎಸ್ ಒತ್ತಿದರೆ ಆ ಕೊಂಬೆ ಬಿಟ್ಟು ಉಳಿದದ್ದೆಲ್ಲ ಮರೆಯಾಗುತ್ತದೆ. ಕಂ-ಎಕ್ಸ್ ಎನ್ ಡಬ್ಲ್ಯು ಮರಳಿ ತರುತ್ತದೆ. ಫೈಲ್‌ನ ಅರ್ಧ ಕಳೆದುಹೋಯಿತೆಂದು ಅನಿಸಿದಾಗ ಮೊದಲು ಈ ಎರಡನೆಯದನ್ನು ಒತ್ತಿ ನೋಡಿ.

ನಿಜವಾಗಿ ಅಪಾಯವಿರುವುದು ಅಳಿಸುವಾಗ. ಮಡಚಿದ ಶೀರ್ಷಿಕೆಯ ಆರಂಭದಲ್ಲಿ ಕಂ-ಕೆ ಒತ್ತಿದರೆ ಕಾಣುವ ಒಂದು ಸಾಲಲ್ಲ, ಅದರೊಳಗೆ ಅಡಗಿದ ಪುಟಗಳೆಲ್ಲ ಹೋಗುತ್ತವೆ. ತಕ್ಷಣ ಗಮನಿಸಿದರೆ ಕಂ-ವೈ ಒತ್ತಿ ಮರಳಿ ಪಡೆಯಬಹುದು, ಆದರೆ ಮಡಚಿದ್ದರಿಂದಲೇ ಗಮನಕ್ಕೆ ಬರುವುದಿಲ್ಲ. ‘ಆರ್ಗ್-ಕಂಟ್ರೋಲ್-ಕೆ-ಪ್ರೊಟೆಕ್ಟ್-ಸಬ್‌ಟ್ರೀ’ ಎಂಬ ರಕ್ಷಣೆ ಇದೆ (ಅದರ ಹೆಸರಿನಲ್ಲಿ ಕಂಟ್ರೋಲ್ ಅನ್ನು ಸಿಟಿಆರ್‌ಎಲ್ ಎಂದು ಮೊಟಕಾಗಿ ಬರೆಯುತ್ತಾರೆ). ಇದು ಮೂಲದಲ್ಲೇ ಚಾಲೂ ಇರಬೇಕಿತ್ತು. ಬರಹವನ್ನು ಮಡಚಿಡಿ ಎಂದು ಕಲಿಸುವ ಉಪಕರಣ, ಮಡಚಿದ್ದನ್ನು ಕೇಳದೆ ಅಳಿಸಬಾರದು.

ಟರ್ಮಿನಲ್‌ನಲ್ಲಿ ಈವಿಲ್ ಮೋಡ್ (ವಿಮ್ ಎಂಬ ಎಡಿಟರ್‌ನ ಕೀಲಿಗಳನ್ನು ಇಮ್ಯಾಕ್ಸ್‌ಗೆ ತರುವ ವ್ಯವಸ್ಥೆ) ಬಳಸುವವರಿಗೆ ಟ್ಯಾಬ್ ಕೆಲಸ ಮಾಡದಿರಬಹುದು. ಟರ್ಮಿನಲ್‌ಗೆ ಟ್ಯಾಬ್ ಮತ್ತು ಕಂ-ಐ ಎರಡೂ ಒಂದೇ, ಈವಿಲ್ ಅದನ್ನು ಬೇರೆ ಕೆಲಸಕ್ಕೆ ಕಟ್ಟಿರುತ್ತದೆ. ‘ಈವಿಲ್-ವಾಂಟ್-ಸಿ-ಐ-ಜಂಪ್’ ಅನ್ನು ಈವಿಲ್ ಲೋಡ್ ಆಗುವ ಮೊದಲೇ ‘ನಿಲ್’ ಮಾಡಿ. ಶಿಫ್ಟ್-ಟ್ಯಾಬ್ ತಲುಪದಿದ್ದರೆ ಬರಿಯ ಕಂ-ಯು (ಮುಂದೆ ಕಂ-ಸಿ ಇಲ್ಲದೆ) ಒತ್ತಿ ಟ್ಯಾಬ್ ಒತ್ತಿದರೂ ಅದೇ ಫಲ.

ಕನ್ನಡ ಶೀರ್ಷಿಕೆಗಳ ಪಕ್ಕ ಟ್ಯಾಗ್ ಹಾಕಿದರೆ ಬಲಬದಿಯಲ್ಲಿ ಸಾಲಾಗಿ ನಿಲ್ಲುವುದಿಲ್ಲ. ಒತ್ತಕ್ಷರಗಳ ಅಗಲ ಏಕರೂಪವಲ್ಲದಿರುವುದು ಕಾರಣ. ‘ಆರ್ಗ್-ಟ್ಯಾಗ್ಸ್-ಕಾಲಮ್’ ಅನ್ನು 0 ಮಾಡಿದರೆ ಟ್ಯಾಗ್ ಶೀರ್ಷಿಕೆಗೆ ಅಂಟಿಕೊಂಡೇ ನಿಲ್ಲುತ್ತದೆ, ಪರದೆ ಚೊಕ್ಕಟವಾಗುತ್ತದೆ. ಟಿಪ್ಪಣಿಯನ್ನು ಮಾರ್ಕ್‌ಡೌನ್ ಎಂಬ ಇನ್ನೊಂದು ಸರಳ ಪಠ್ಯ ಶೈಲಿಯಲ್ಲೇ ಬರೆಯಬೇಕಾದವರಿಗೂ ಈ ಕಲಿಕೆ ವ್ಯರ್ಥವಲ್ಲ: ಇಮ್ಯಾಕ್ಸ್‌ನ ಮಾರ್ಕ್‌ಡೌನ್ ಮೋಡ್‌ನಲ್ಲಿ ಓಡಾಟದ ಐದೂ ಕೀಲಿಗಳು ಇವೇ.