ರಿಫ್ಲೆಕ್ಸಾಲಜಿ: ಅಂಗಾಲಿಗೆ ಹಿತ, ಕಿಡ್ನಿಯ ಮಾತು ಬೇರೆ

ಅಂಗಾಲಿನ ಒಂದೊಂದು ಜಾಗ ಒತ್ತಿದರೆ ದೇಹದ ಒಂದೊಂದು ಅಂಗಕ್ಕೆ ಗುಣ ಎನ್ನುವ ರಿಫ್ಲೆಕ್ಸಾಲಜಿಗೆ ಐದಕ್ಕೆ ಮೂರೂವರೆ. ಒಂದೂವರೆ ಅಂಕ ಹೋದದ್ದು ಕೈಕೆಲಸಕ್ಕಲ್ಲ, ಬಾಯಿಮಾತಿಗೆ.

ಕೊಡಗಿನ ಸ್ಪಾಗಳಲ್ಲಿ ಈ ಹೆಸರು ಹೇಳಿ ಬರೀ ಫುಟ್ ಮಸಾಜ್ ಮಾಡಿ ಕಳಿಸುವುದೂ ಉಂಟು. ಗುರುತಿಸುವುದು ಸುಲಭ. ಎಣ್ಣೆ ಸುರಿದು ಅಂಗೈ ಜಾರಿಸಿದರೆ ಅದು ಮಸಾಜ್. ರಿಫ್ಲೆಕ್ಸಾಲಜಿಯಲ್ಲಿ ಒಂದಿಷ್ಟು ಕ್ರೀಮೋ ಪೌಡರೋ ಸಾಕು. ಹೆಬ್ಬೆರಳನ್ನು ಮಡಿಸಿ, ಬಿಡಿಸಿ, ಕಂಬಳಿಹುಳು ನಡೆದ ಹಾಗೆ ಗೆರೆಗೆರೆಯಾಗಿ ಒತ್ತುತ್ತ ಹೋಗುತ್ತಾರೆ. ಎಣ್ಣೆ ಹೆಚ್ಚಾದರೆ ಬೆರಳು ನಿಲ್ಲುವುದೇ ಇಲ್ಲ.

ಒಳ್ಳೆಯ ಕಡೆ ಮೊದಲು ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಗರ್ಭ, ಹಳೆಯ ಮುರಿತ ಇವನ್ನೆಲ್ಲ ಕೇಳುತ್ತಾರೆ. ಆಮೇಲೆ ಐದ್ಹತ್ತು ನಿಮಿಷ ಬೆಚ್ಚಗಿನ ನೀರು. ಒತ್ತುವುದಕ್ಕೆ ಕಾಲೊಂದಕ್ಕೆ 20ರಿಂದ 25 ನಿಮಿಷ. ಬೆರಳುಗಳಿಗೆ ತಲೆ, ಅವುಗಳ ಬುಡಕ್ಕೆ ಎದೆ, ಪಾದದ ನಡುವಿನ ಕಮಾನಿಗೆ ಹೊಟ್ಟೆ, ಹಿಮ್ಮಡಿಗೆ ಸೊಂಟದ ಕೆಳಭಾಗ, ಪಾದದ ಒಳಅಂಚಿಗೆ ಬೆನ್ನುಮೂಳೆ ಎಂಬುದು ಅವರ ನಕ್ಷೆ. ಹತ್ತರಲ್ಲಿ ಐದರಷ್ಟು ನೋವು ಸರಿ. ಉಸಿರು ಬಿಗಿಹಿಡಿಯುವಂತಾದರೆ, ಬೆರಳು ತಾನಾಗಿ ಮಡಿಚಿಕೊಂಡರೆ ಆ ಕ್ಷಣವೇ ಹೇಳಬೇಕು. ಮರುದಿನ ಚರ್ಮ ನೀಲಿಗಟ್ಟಿದರೆ ಅದು ‘ವಿಷ ಹೊರಬಂದದ್ದು’ ಅಲ್ಲ, ಒತ್ತಡ ಜಾಸ್ತಿಯಾದದ್ದು. ಮರದ ಕಡ್ಡಿ ಹಿಡಿದು ಹಿಮ್ಮಡಿ ಮೂಳೆಯ ಅಂಚಿಗೆ ಬಂದಾಗಲೇ ಹೀಗಾಗುವ ಸಂಭವ ಹೆಚ್ಚು.

ಸಿಗುವ ಫಲ ಇಷ್ಟು: ಆ ರಾತ್ರಿ ಚೆನ್ನಾದ ನಿದ್ದೆ, ಒಂದೆರಡು ದಿನ ಅಂಗಾಲು ಹಗುರ. ಕಾಫಿ ಕುಯ್ಲಿನ ಕಾಲದಲ್ಲಿ ಇಳಿಜಾರಲ್ಲಿ ನಿಂತು ನಿಂತು ಬಿಗಿಯುವುದು ಮೀನಖಂಡ. ಬರೀ ಪಾದ ಒತ್ತಿಸಿದರೆ ಅದು ಬಿಡುವುದಿಲ್ಲ. ಹತ್ತು ನಿಮಿಷ ಮೀನಖಂಡಕ್ಕೇ ಕೊಡಿ ಎಂದು ಕೇಳಿ ಮಾಡಿಸಿಕೊಳ್ಳಿ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚುವವರಿಗೆ ದಿನಾ ಮೀನಖಂಡ, ಅಂಗಾಲು ಎಳೆಯುವ ವ್ಯಾಯಾಮವೇ ಮೇಲು. ಅಲ್ಲೇ ಗಟ್ಟಿಯಾಗಿ ಒತ್ತಿಸಿದರೆ ನೋವು ಕೆರಳಬಹುದು.

ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ ಮಳೆಯಲ್ಲಿ ಲೆಕ್ಕ ಬೇರೆ. ದಿನವಿಡೀ ಒದ್ದೆ ಗಂಬೂಟಿನಲ್ಲಿದ್ದ ಕಾಲಿನ ಬೆರಳ ಸಂದು ಬೆಳ್ಳಗಾಗಿ ಸುಲಿದಿದ್ದರೆ ಅದು ಫಂಗಸ್ ಇರಬಹುದು, ವಾಸಿಯಾಗುವ ತನಕ ಹೋಗಬೇಡಿ. ಜಿಗಣೆ ಕಚ್ಚಿದ ಜಾಗದಲ್ಲಿ ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಕೆರೆದ ಗಾಯವಂತೂ ತಟ್ಟನೆ ತೆರೆದುಕೊಳ್ಳುತ್ತದೆ. ಹಕ್ಕಳೆ ಉದುರುವವರೆಗೆ ಆ ಕಾಲು ಬೇಡ. ಇನ್ನೊಬ್ಬರು ಕಾಲಿಟ್ಟ ಟಬ್ಬನ್ನು ಸೋಂಕುನಾಶಕ ಹಾಕಿ ತೊಳೆದರೋ, ಟವೆಲು ಒಣಗಿತ್ತೋ, ಸಂದು ಒರೆಸಿದರೋ ನೋಡಿ. ಮಳೆಗಾಲದಲ್ಲಿ ಇಲ್ಲಿ ಟವೆಲು ಒಣಗುವುದೇ ಒಂದು ಸಾಹಸ.

ಇನ್ನು ಬಾಯಿಮಾತು. ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ಫಿಟ್ಜ್‌ಜೆರಾಲ್ಡ್ ದೇಹವನ್ನು ಹತ್ತು ಪಟ್ಟಿಗಳಾಗಿ ವಿಂಗಡಿಸಿದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ. ಅಲ್ಲಿನವರೇ ಆದ ಫಿಸಿಯೋಥೆರಪಿಸ್ಟ್ ಯೂನಿಸ್ ಇಂಗಮ್ 1930ರ ದಶಕದಲ್ಲಿ ಅದನ್ನು ಪಾದಕ್ಕಿಳಿಸಿದರು. ಕಮಾನಿನಿಂದ ಕಿಡ್ನಿಗೆ ಹೋಗುವ ಯಾವ ದಾರಿಯನ್ನೂ ಯಾರೂ ತೋರಿಸಿಲ್ಲ; ಕಾಯಿಲೆ ವಾಸಿಯಾಗುತ್ತದೆ ಎಂಬುದಕ್ಕೆ ನಂಬಬಹುದಾದ ಪುರಾವೆಯೂ ಇಲ್ಲ. ‘ಇಲ್ಲಿ ನೋಯ್ತಾ? ಲಿವರ್ ವೀಕು’ ಎಂದರೆ ನಕ್ಕು ಬಿಡಿ, ಔಷಧಿ ಮಾತ್ರ ಬಿಡಬೇಡಿ. ಒತ್ತುವಾಗ ಕರಕರ ಎನ್ನುವುದು ‘ಯೂರಿಕ್ ಆಸಿಡ್ ಹರಳು ಪುಡಿಯಾದ ಸದ್ದು’ ಅಲ್ಲ, ಬೆರಳಡಿ ಸರಿಯುವ ಸ್ನಾಯುರಜ್ಜು ಇರಬಹುದು.

ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ನೀರಿನ ಬಿಸಿಯೂ ಒತ್ತಡವೂ ತಿಳಿಯುವುದಿಲ್ಲ. ಡಾಕ್ಟರನ್ನು ಕೇಳದೆ ಬೇಡ. ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು: ಸ್ಪಾ ಅಲ್ಲ, ನೇರ ಆಸ್ಪತ್ರೆ.

ಹತ್ತು ಸಿಟ್ಟಿಂಗಿನ ಪ್ಯಾಕೇಜಿಗೆ ಮುಂಗಡ ಕೊಡಬೇಡಿ. ಒಂದು ಸಲ ಮಾಡಿಸಿ. ಅದೇ ಕೈ ಮುಂದಿನ ವಾರವೂ ಸಿಗುತ್ತದೆಯೇ ಎಂದು ಕೇಳಿಕೊಂಡು ಬನ್ನಿ.